ಪ್ರೊಪೋಸಲ್ ಕೊನೆಗೂ ಸ್ಪಷ್ಟವಾಗಿದ್ದು ಹೀಗೆ

ನನ್ನ ಸಂಶೋಧನಾ ಪ್ರೊಪೋಸಲ್ ಓದಿದವರೆಲ್ಲ ಕೇಳುತ್ತಿದ್ದುದು ಒಂದೇ: "ಅದೆಲ್ಲ ಸರಿ, ನೀವು ಮಾಡೋದೇನು?" ದಾರಿ ತೋರಿಸಿದ್ದು ಜಾರ್ಜ್ ಹೈಲ್‌ಮೈಯರ್ ಪ್ರಶ್ನೆಗಳು. 1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಾರ್ಪಾದ ಮುಖ್ಯಸ್ಥರಾಗಿದ್ದವರು ಅವರು. ಅವರು ಕೇಳುತ್ತಿದ್ದುದು ಇಂಥವು: ಗುರಿಯನ್ನು ಪಾರಿಭಾಷಿಕ ಪದವಿಲ್ಲದೆ ಹೇಳಿ. ಈಗಿನ ವಿಧಾನದ ಮಿತಿ ಏನು? ನಿಮ್ಮದರಲ್ಲಿ ಹೊಸದೇನು? ಗೆದ್ದರೆ ಯಾರಿಗೆ ಉಪಯೋಗ?

ಮೊದಲ ಪ್ರಶ್ನೆಯೇ ಎಲ್ಲಕ್ಕಿಂತ ಕಷ್ಟ. ನನ್ನ ಪ್ರೊಪೋಸಲ್‌ನಲ್ಲಿ ಮೊದಲು "ಮಣ್ಣಿನ ತೇವಾಂಶದ ಬಹುಆಯಾಮದ ವಿಶ್ಲೇಷಣೆ ಕೈಗೊಳ್ಳಲಾಗುವುದು" ಅಂತಿತ್ತು. ಈಗ: "ಅಗ್ಗದ ಸೆನ್ಸರ್ ಮಣ್ಣಿನ ತೇವವನ್ನು ಲ್ಯಾಬ್ ಪರೀಕ್ಷೆಯಷ್ಟೇ ನಿಖರವಾಗಿ ಅಳೆಯುತ್ತದೆಯೇ ಎಂದು ಪರೀಕ್ಷಿಸುತ್ತೇನೆ." ಯಾರು, ಏನನ್ನು, ಯಾವುದರ ಜೊತೆ ಹೋಲಿಸುತ್ತಾರೆ, ಎಲ್ಲ ಬಂತಲ್ವಾ? ಇದನ್ನೇ ಮೊದಲ ಸಾಲಾಗಿಸಿದೆ. ಇದಕ್ಕೆ ಸಂಬಂಧವಿಲ್ಲದ ಹಳೆಯ ಅಧ್ಯಯನಗಳನ್ನು ತೆಗೆದೆ. ಸುಮ್ನೆ ಪುಟ ತುಂಬಿಸುತ್ತಿದ್ದವು. ಬೇರೆ ವಿಭಾಗದ ಗೆಳತಿ ಓದಿ, ತನ್ನ ಮಾತಲ್ಲೇ ತಿರುಗಿ ಹೇಳಿದಳು. ಆಮೇಲೆ ಕಳಿಸಿದೆ.