ಮೂರು ಸಲ ಸುಟ್ಟ ಮೋಟರ್, ಐದು ವೋಲ್ಟಿನ ಜಾಯಿಂಟು

ಚನ್ನಗಿರಿ ಕಡೆಯ ನಮ್ಮ ಅಡಿಕೆ ತೋಟದ ಬೋರಿನಲ್ಲಿ 5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್ ಇದೆ. ಒಂದೂವರೆ ವರ್ಷದಲ್ಲಿ ಮೂರು ಸಲ ಸುಟ್ಟಿತು. ಪ್ರತಿ ಸಲ ಎತ್ತಿ ಇಳಿಸೋಕೆ ನಾಲ್ಕೈದು ಸಾವಿರ, ವೈಂಡಿಂಗಿಗೆ ಆರು ಸಾವಿರದ ಹತ್ತಿರ. ಒಟ್ಟು ಮೂವತ್ತು ಸಾವಿರ ದಾಟಿತು.

"ವೋಲ್ಟೇಜು ಕಮ್ಮಿ ಅಣ್ಣಾ, ಬೇರೇನಿಲ್ಲ" ಅಂದ ವೈಂಡಿಂಗ್ ಮಾಡುವವನು. ಲೈನ್‌ಮ್ಯಾನ್ ತನ್ನ ಲೈನು ಸರಿಯಿದೆ ಅಂದ. ನಾನು ಐಟಿಐ ಓದಿದವನು. ಮೀಟರ್ ಹಿಡಿದು ಲೆಕ್ಕ ಹಾಕ್ತೀನಿ ಅಂದಾಗ ಇಬ್ಬರೂ ನಕ್ಕರು.

ನಗೋಕೆ ಕಾರಣವೂ ಇತ್ತು. ನನ್ನ ಮೊದಲ ಲೆಕ್ಕಗಳೆಲ್ಲ ಎಡವಟ್ಟು. ಸ್ಟಾರ್ಟರ್ ಹತ್ತಿರ 400 ವೋಲ್ಟ್, ಕ್ಲಾಂಪ್ ಮೀಟರಿನಲ್ಲಿ ಒಂಬತ್ತೂವರೆ ಆಂಪಿಯರ್. ಗುಣಿಸಿದೆ, 3800 ವ್ಯಾಟ್ ಬಂತು. 5 ಎಚ್‌ಪಿ ಅಂದ್ರೆ 3730. ಎಷ್ಟು ಸರಿಯಾಗಿ ಹೊಂದಿತು ಅಂತ ಖುಷಿಪಟ್ಟೆ! ತ್ರೀ ಫೇಸ್ ಲೆಕ್ಕದಲ್ಲಿ ಗುಣಿಸಲೇಬೇಕಾದ 1.732 (ಮೂರರ ವರ್ಗಮೂಲ) ಮರೆತಿದ್ದೆ. ಅದನ್ನೂ, 0.8ರಷ್ಟು ಪವರ್ ಫ್ಯಾಕ್ಟರನ್ನೂ (ಆ ಗುಣಾಕಾರದಲ್ಲಿ ನಿಜವಾಗಿ ವ್ಯಾಟ್ ಆಗುವ ಪಾಲು) ಸೇರಿಸಿ ಗುಣಿಸಿದರೆ ಮೋಟರ್ ಎಳೆಯುತ್ತಿದ್ದುದು 5200 ವ್ಯಾಟಿನ ಆಸುಪಾಸು. 3730 ಅನ್ನೋದು ಶಾಫ್ಟಿನಲ್ಲಿ ಸಿಗುವ ಶಕ್ತಿ, ಉಳಿದದ್ದು ಬಿಸಿ. ಆಮೇಲೆ 400ನ್ನು 9.5ರಿಂದ ಭಾಗಿಸಿ 42 ಓಮ್ ಅಂತ ಬರೆದುಕೊಂಡೆ. ಮೀಟರಿನಲ್ಲಿ ವೈಂಡಿಂಗ್ ಅಳೆದರೆ ಮೂರೂವರೆ ಓಮ್. ತಿರುಗುತ್ತಿರುವ ಮೋಟರಿಗೆ ಈ ಭಾಗಾಕಾರ ನಡೆಯಲ್ಲ ಅಂತ ಅರ್ಥವಾಗೋಕೆ ಎರಡು ದಿನ ಬೇಕಾಯಿತು.

ನಡೆಯೋದು ಎಲ್ಲಿ? ಸುಮ್ನೆ ಬಿಸಿಯಾಗುವ ವಸ್ತುಗಳಲ್ಲಿ. ಮನೆಯ 1500 ವ್ಯಾಟ್ ಕಾಯಿಲ್ ಹೀಟರ್ ಹಾಕಿ ನೋಡಿದೆ. ಸಂಜೆ ವೋಲ್ಟೇಜು 185ಕ್ಕೆ ಇಳಿದಿತ್ತು, ಕರೆಂಟು ಐದು ಆಂಪಿಯರ್ ಚಿಲ್ಲರೆ. ಭಾಗಿಸಿದರೆ 35 ಓಮ್, ಗುಣಿಸಿದರೆ 970 ವ್ಯಾಟ್. ಸ್ನಾನದ ನೀರು ಯಾಕೆ ಕಾಯಲ್ಲ ಅನ್ನೋದು ಮನೆಯವರಿಗೆ ಅವತ್ತು ಗೊತ್ತಾಯಿತು. ಹಳೇ 100 ವ್ಯಾಟ್ ಬಲ್ಬನ್ನೂ ಬಿಡಲಿಲ್ಲ. ತಣ್ಣಗಿದ್ದಾಗ ಮೀಟರಿನಲ್ಲಿ 40 ಓಮ್, ಉರಿಯುವಾಗ ಲೆಕ್ಕದಲ್ಲಿ ಐನೂರರ ಮೇಲೆ. ಅಂದರೆ ಆರಿಸಿಟ್ಟು ಅಳೆದ ಓಮ್ ಬೇರೆ, ಓಡುವಾಗಿನ ಓಮ್ ಬೇರೆ ಅಂತಾಯಿತಲ್ಲ?

ಅಲ್ಲೇ ತಲೆಗೆ ಹೊಳೆಯಿತು. ಬೋರಿನ ಬಾಯಲ್ಲಿ ಅಲ್ಯೂಮಿನಿಯಂ ವೈರಿಗೂ ತಾಮ್ರದ ಫ್ಲಾಟ್ ಕೇಬಲ್ಲಿಗೂ ಜಾಯಿಂಟು ಇದೆ. ತಿರುಚಿ, ಟೇಪ್ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿದ್ದು. ಅದನ್ನು ಮೊದಲೇ ಪರೀಕ್ಷೆ ಮಾಡಿದ್ದೆ. ಬೀಪ್ ಅಂದಿತ್ತು. 0.4 ಓಮ್ ತೋರಿಸಿತ್ತು. ಆದರೆ ಮೀಟರಿನ ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿದರೂ ಅದೇ 0.4! ಅಷ್ಟು ಸಣ್ಣ ಓಮನ್ನು ಆ ಮೀಟರ್ ಹೇಳೋದೇ ಇಲ್ಲ. ಮೋಟರ್ ಓಡುವಾಗ ಜಾಯಿಂಟಿನ ಆಚೆ ಈಚೆ ಎಷ್ಟು ವೋಲ್ಟ್ ಬೀಳುತ್ತೆ ನೋಡಬೇಕು.

ಮೊದಲ ಪ್ರಯತ್ನದಲ್ಲಿ ಮೀಟರನ್ನು ಸಣ್ಣ ರೇಂಜಿನಲ್ಲಿಟ್ಟಿದ್ದೆ. ಜಾಯಿಂಟು ಅದೇ ಹೊತ್ತಿಗೆ ಬಿಟ್ಟುಕೊಂಡಿತು, ನೂರಾರು ವೋಲ್ಟ್ ನೇರ ಮೀಟರಿಗೆ. 250 ರೂಪಾಯಿ ಮೀಟರ್ ಹೋಯಿತು. ಕೈಯಲ್ಲಿ ಹಿಡಿದಿರಲಿಲ್ಲ, ಪುಣ್ಯ. ಆಮೇಲೆ 1300 ಕೊಟ್ಟು ಆಟೋ ರೇಂಜಿನದು ತಂದೆ. ಮೇನ್ ಇಳಿಸಿ, ಫ್ಯೂಸ್ ಕಿತ್ತು, ಕ್ರೊಕೊಡೈಲ್ ಕ್ಲಿಪ್ ಹಾಕಿ, ದೂರ ಬಂದು, ಆಮೇಲೆ ಸ್ಟಾರ್ಟ್. ಅವಸರ ಮಾಡಿ ಬರಿಗೈ ಹಾಕಬೇಡಿ ಮಾರಾಯ್ರೆ.

ಮೂರು ಫೇಸಿನ ವೈರುಗಳಿಗೆ ಆರ್, ವೈ, ಬಿ ಅಂತ ಹೆಸರು. ಆರ್ ಫೇಸಿನ ಜಾಯಿಂಟಿನಲ್ಲಿ 0.1 ವೋಲ್ಟೂ ಇಲ್ಲ. ಬಿ ಫೇಸ್ ಹಾಗೇ. ವೈ ಫೇಸಿನಲ್ಲಿ 5.2! ಒಂಬತ್ತೂವರೆಯಿಂದ ಭಾಗಿಸಿದರೆ ಅರ್ಧ ಓಮಿಗಿಂತ ಸ್ವಲ್ಪ ಜಾಸ್ತಿ. ಗುಣಿಸಿದರೆ 50 ವ್ಯಾಟಿನ ಹತ್ತಿರ. 25 ವ್ಯಾಟಿನ ಸೋಲ್ಡರಿಂಗ್ ಐರನ್ ಎರಡನ್ನು ಆ ಟೇಪಿನೊಳಗೆ ಸುತ್ತಿಟ್ಟ ಹಾಗೆ. ಬಿಸಿಗೆ ಸಡಿಲವಾಗಿ ಆಗಾಗ ಪೂರ್ತಿ ಬಿಟ್ಟುಕೊಳ್ಳುತ್ತಿತ್ತು. ಆಗ ಮೋಟರ್ ಎರಡೇ ಫೇಸಿನಲ್ಲಿ ಗುಂಯ್ ಅಂತ ನರಳಿ ಸುಡುತ್ತಿತ್ತು.

ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇರಲಿಲ್ವಾ ಅಂತ ಕೇಳ್ತೀರಿ. ಇತ್ತು. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಬೈಪಾಸ್ ಮಾಡಿದ್ದು ನಾನೇ. ಅದು ಬೊಬ್ಬೆ ಹೊಡೀತಿತ್ತು, ನಾನು ಬಾಯಿ ಮುಚ್ಚಿಸಿದೆ. ಮೂವತ್ತು ಸಾವಿರದಲ್ಲಿ ಅರ್ಧ ಆ ದಡ್ಡತನಕ್ಕೇ ಬರೆಯಬೇಕು.

ರಿಪೇರಿಗೆ ಆದ ಖರ್ಚು ಇನ್ನೂರು ರೂಪಾಯಿಯೂ ಇಲ್ಲ. ಅಲ್ಯೂಮಿನಿಯಂ-ತಾಮ್ರ ಎರಡನ್ನೂ ಜೋಡಿಸೋಕೆ ಅಂತಲೇ ಇರುವ ಬೈಮೆಟಲ್ ಲಗ್, ಅದನ್ನು ವೈರಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್, ನಟ್ಟು ಬೋಲ್ಟು. ಕ್ರಿಂಪ್ ಮಾಡುವ ಮೊದಲು ಅಲ್ಯೂಮಿನಿಯಂ ಎಳೆಗಳಿಗೆ ಒಂದು ಉಪಚಾರ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯಲ್ಲ. ಈಗ ಊರಲ್ಲಿ ನನ್ನನ್ನು ಕರೆಯೋದೇ ಅದಕ್ಕೆ. ಹೊಸ ಜಾಯಿಂಟಿನಲ್ಲಿ ಬೀಳೋದು 0.05 ವೋಲ್ಟ್, ಅಂದರೆ ಅರ್ಧ ವ್ಯಾಟು. ಎರಡು ಬೇಸಿಗೆ ಕಳೆಯಿತು, ಮೋಟರ್ ಮೇಲೆ ಬಂದಿಲ್ಲ. ಪ್ರಿವೆಂಟರನ್ನೂ ವಾಪಸ್ ಹಾಕಿದ್ದೇನೆ.

ಅಲ್ಲಿಂದ ಎಂಟೋ ಒಂಬತ್ತೋ ಮೋಟರ್ ನೋಡಿದೆ. ನಾಲ್ಕರಲ್ಲಿ ಇದೇ ಜಾಯಿಂಟು, ಒಂದರಲ್ಲಿ ಫ್ಯೂಸ್ ಕ್ಯಾರಿಯರ್ ಮೂರು ವೋಲ್ಟ್ ತಿನ್ನುತ್ತಿತ್ತು. 10 ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಬಿಲ್ಲು ಬರಲ್ಲ. ಹಾಗಾಗಿ ಎಲ್ಲಿ ಸೋರುತ್ತೆ ಅಂತ ನೋಡುವವರೇ ಇಲ್ಲ.

ಪಕ್ಕದ ತೋಟದ ಒಂದು ಮಾತ್ರ ಕೈಗೆ ಸಿಕ್ಕಿಲ್ಲ. ಮೇಲಿನ ಜಾಯಿಂಟೆಲ್ಲ ಸರಿಯಿದೆ, ಆದರೂ ಒಂದು ಫೇಸಿನಲ್ಲಿ ಆಂಪಿಯರ್ ಕಮ್ಮಿ. ನೀರಿನೊಳಗಿನ ಕೇಬಲ್ ಜಾಯಿಂಟಿನ ಮೇಲೆ ನನಗೆ ಅನುಮಾನ. ಅಲ್ಲಿಗೆ ಕ್ಲಿಪ್ ಹಾಕೋದು ಹೇಗೆ? ಮೋಟರ್ ಎತ್ತುವ ದಿನ ಹೇಳಿ ಕಳಿಸಿ ಅಂದಿದ್ದೇನೆ.