ಕೌದಿ ಹೊಲಿಯಲು ಹೋಗಿ ಸೂಜಿ ಕಲಿತೆ

ಹೋದ ವರ್ಷ ಮಳೆ ಹಿಡಿಯುವ ಮೊದಲು ಅತ್ತೆಗೆ ಒಂದು ಕೌದಿ ಹೊಲಿದು ಕೊಡೋಣ ಅಂತ ಕುಳಿತೆ. ಶಿರಸಿಯಲ್ಲಿ ಜೂನ್ ಬಂತು ಅಂದರೆ ದಪ್ಪ ಹೊದಿಕೆ ಯಾವುದೂ ಒಣಗೋದಿಲ್ಲ. ಕಂಬಳಿ ಮುಗ್ಗಲು ವಾಸನೆ ಹೊಡೆಯುತ್ತದೆ. ಹಳೆ ಹತ್ತಿ ಸೀರೆಯ ಕೌದಿ ಹಾಗಲ್ಲ, ಒಲೆ ಪಕ್ಕ ಅರ್ಧ ದಿನ ಹರವಿದರೆ ಸಾಕು. ಮೇಲೆ ಬಣ್ಣಬಣ್ಣದ ತುಂಡುಗಳು, ನಡುವೆ ಎರಡು ಪದರ ಸೀರೆ, ಕೆಳಗೆ ಹಳೆ ಬೆಡ್‌ಶೀಟ್. ಒಟ್ಟು ನಾಲ್ಕು ಪದರ. ಇಪ್ಪತ್ತು ವರ್ಷದಿಂದ ಮನೆಯಲ್ಲೇ ಬ್ಲೌಸು, ಚೂಡಿದಾರ್ ಹೊಲಿಯುವವಳಿಗೆ ಇದೆಂತ ದೊಡ್ಡ ಕೆಲಸ ಅಂದುಕೊಂಡೆ.

ಮೊದಲ ಸಾಲು ಮುಗಿಯುವಷ್ಟರಲ್ಲಿ ದಾರ ಮೂರು ಸಲ ಕಡಿಯಿತು. ಟೆನ್ಷನ್, ಅಂದರೆ ಮೇಲಿನ ದಾರದ ಬಿಗಿ, ಸಡಿಲ ಮಾಡಿದೆ. ಈಗ ಹೊಲಿಗೆ ಬಿಡಲು ಶುರು. ನಾಲ್ಕು ಟಾಕಿ ಸರಿ, ಆಮೇಲೆ ಒಂದು ಉದ್ದ ಎಳೆ, ಮತ್ತೆ ಎರಡು ಸರಿ. ಕೆಳಗಿನ ದಾರದ ಬಾಬಿನ್ ತೆಗೆದು ಊದಿದೆ, ಅದು ಕೂರುವ ಶಟಲ್‌ಗೆ ಎಣ್ಣೆ ಬಿಟ್ಟೆ, ಮಿಷನ್‌ಗೆ ಬೈದೆ. ಅತ್ತೆ ಅಡುಗೆಮನೆಯಿಂದಲೇ ಕೇಳಿದರು, "ತಂಗೀ, ಸೂಜಿ ಯಾವಾಗ ಬದಲ್ಸಿದ್ದೆ?" ಉತ್ತರ ಹೊಳೆಯಲಿಲ್ಲ. ಯುಗಾದಿ ಹೊತ್ತಿನ ಬ್ಲೌಸ್‌ಗಳಿಗೆ ಹಾಕಿದ 11 ನಂಬರ್‌ನ ತೆಳು ಸೂಜಿ ಅದು. ಆಮೇಲೆ ಮುಟ್ಟೇ ಇರಲಿಲ್ಲ.

ನಾಚಿಕೆಯ ಮಾತು ಹೇಳಿಬಿಡುತ್ತೇನೆ. ಅಲ್ಲಿಯವರೆಗೂ ನಾನು ಸೂಜಿ ಬದಲಿಸುತ್ತಿದ್ದದ್ದು ಅದು ಮುರಿದಾಗ ಮಾತ್ರ. ಮಿಷನ್ ಹೊಲಿಗೆ ಕೆಡಿಸಿದರೆ ಟೆನ್ಷನ್ ತಿರುಗಿಸೋದು, ದಾರದ ಕಂಪನಿಗೆ ಬೈಯೋದು, ಕೊನೆಗೆ ರಿಪೇರಿಯವನನ್ನು ಕರೆಯೋದು. ಎಲ್ಲಕ್ಕಿಂತ ಅಗ್ಗದ ವಸ್ತುವಿನ ಮೇಲೆ ಅನುಮಾನ ಬರುತ್ತಿದ್ದದ್ದು ಎಲ್ಲಕ್ಕಿಂತ ಕೊನೆಗೆ.

ಸೂಜಿಯ ದಂಡಿನ, ಅಂದರೆ ಮಿಷನ್‌ಗೆ ಸಿಕ್ಕಿಸುವ ದಪ್ಪ ಭಾಗದ, ಮೇಲೆ ಎರಡು ಅಂಕಿ ಇರುತ್ತದೆ, 90/14 ಅಂತಲೋ 75/11 ಅಂತಲೋ. ಕಣ್ಣಿಗೆ ಕಾಣೋದೇ ಕಷ್ಟ. ನಾನು ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ಓದುತ್ತೇನೆ. ನಮ್ಮ ಕಡೆ ಟೈಲರ್‌ಗಳು ಹೇಳುವ 11, 14, 16 ಎಲ್ಲ ಹಳೆ ಸಿಂಗರ್ ಲೆಕ್ಕ. ಮೊದಲು ಬರುವ ದೊಡ್ಡ ಅಂಕಿ ಸೂಜಿಯ ದಪ್ಪ. 90 ಅಂದರೆ 0.9 ಮಿಲಿಮೀಟರ್, 75 ಅಂದರೆ 0.75. ಇದು ಗೊತ್ತಾದ ದಿನ ನನಗೆ ಅರ್ಧ ಗೊಂದಲ ಕಳೆಯಿತು. ದಾರದಲ್ಲಿ ಮಾತ್ರ ಲೆಕ್ಕ ಉಲ್ಟಾ. 40ಕ್ಕಿಂತ 60 ನಂಬರ್ ದಾರ ತೆಳು. ಸೂಜಿಯಲ್ಲಿ ನಂಬರ್ ಹೆಚ್ಚಾದಷ್ಟು ದಪ್ಪ. ಯಾರು ಹೀಗೆ ಇಟ್ಟರೋ!

11 ನಂಬರ್ ಯಾಕೆ ಸೋತಿತು ಅಂತ ತಿಳಿಯಲು ನಾನು ಒಂದು ಕೆಲಸ ಮಾಡಿದೆ. ಮಿಷನ್ ಕೆಳಗಿನ ತಗಡು ಬಿಚ್ಚಿ, ಟಾರ್ಚ್ ಹಿಡಿದು, ಚಕ್ರವನ್ನು ಕೈಯಲ್ಲೇ ನಿಧಾನ ತಿರುಗಿಸಿದೆ. ಸೂಜಿ ಕೆಳಗಿಳಿದು, ಮತ್ತೆ ಮೇಲಕ್ಕೆ ಹೊರಡುವಾಗ ದಾರ ಒಂದು ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಸೂಜಿಯ ಕಣ್ಣಿನ ಮೇಲ್ಗಡೆ ಹಿಂಭಾಗದಲ್ಲಿ ಸ್ವಲ್ಪ ಕೆತ್ತಿದ ಹಾಗೆ ತಗ್ಗು ಇದೆ ನೋಡಿ, ಕುಣಿಕೆ ಉಬ್ಬೋದು ಅಲ್ಲಿಯೇ. ಶಟಲ್‌ನ ಕೊಕ್ಕು ಅದೇ ಹೊತ್ತಿಗೆ ಬಂದು ಕುಣಿಕೆಯನ್ನು ಎತ್ತಿಕೊಂಡು ಹೋಗುತ್ತದೆ. ಎತ್ತಿಕೊಂಡರೆ ಹೊಲಿಗೆ, ತಪ್ಪಿದರೆ ಬಿಟ್ಟ ಹೊಲಿಗೆ. ತೆಳು ಸೂಜಿ ನಾಲ್ಕು ಪದರದಲ್ಲಿ ಇಳಿಯುವಾಗ ಕೂದಲಿನಷ್ಟು ಬಾಗಿದರೂ ಸಾಕು, ಕೊಕ್ಕಿಗೆ ಕುಣಿಕೆ ಸಿಗೋದಿಲ್ಲ. ಅಷ್ಟು ವರ್ಷ ಟೆನ್ಷನ್ ತಿರುಗಿಸಿ ನಾನು ಸರಿ ಮಾಡಲು ಹೊರಟಿದ್ದದ್ದು ಇದನ್ನ!

ಸರಿ, 14 ನಂಬರ್ ತರಲು ಪೇಟೆಗೆ ಹೋದೆ. ಅಂಗಡಿಯಲ್ಲಿ "ಅಣ್ಣಾ, 14ರ ಸೂಜಿ ಒಂದು ಪ್ಯಾಕೆಟ್" ಅಂದೆ, ಕೊಟ್ಟರು, ತಂದೆ. ಮನೆಗೆ ಬಂದು ಹಾಕಿದರೆ ಸೂಜಿ ಗೂಡಿನಲ್ಲಿ ಅಲುಗಾಡುತ್ತಿದೆ! ಒಂದೂ ಟಾಕಿ ಬೀಳಲಿಲ್ಲ. ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿದೆ. ಹೊಸದರ ದಂಡು ಪೂರ್ತಿ ಉರುಟು, ಸ್ವಲ್ಪ ತೆಳು, ಉದ್ದವೂ ಕಡಿಮೆ. ಪ್ಯಾಕೆಟ್ ಮೇಲೆ ಡಿಬಿ×1 ಅಂತ ಇತ್ತು. ಅದು ಗಾರ್ಮೆಂಟ್‌ಗಳಲ್ಲಿ ಓಡುವ ಜೂಕಿ ತರದ ಮಿಷನ್‌ನ ಸೂಜಿ. ನನ್ನ ಮಿಷನ್‌ಗೆ ಬೇಕಾದದ್ದು ಎಚ್ಎ×1, ದಂಡಿನ ಒಂದು ಕಡೆ ಚಪ್ಪಟೆ ಇರುತ್ತಲ್ಲ, ಅದು. ಇದನ್ನೇ ಕೆಲವು ಪ್ಯಾಕೆಟ್‌ನಲ್ಲಿ 15×1 ಅಂತಲೂ, ಜರ್ಮನಿಯ ಶ್ಮೆಟ್ಜ್‌ನವರು 130/705 ಎಚ್ ಅಂತಲೂ ಬರೆಯುತ್ತಾರೆ. ಮೂರೂ ಒಂದೇ. ಅಂಗಡಿಯವರ ತಪ್ಪು ಅಂತ ಹೇಳಲಾರೆ, ನಾನು ಕೇಳಿದ್ದು ಬರೀ ನಂಬರ್. ಈಗ ಹಳೆ ಸೂಜಿಯೊಂದನ್ನು ಕಾಗದದಲ್ಲಿ ಸುತ್ತಿ ಪರ್ಸಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ, ತೋರಿಸಿ ತರುತ್ತೇನೆ.

ಹಾಕುವಾಗಲೂ ಒಂದು ಗಮನ ಬೇಕು. ಸೂಜಿಯ ಒಂದು ಕಡೆ ಉದ್ದಕ್ಕೂ ಸಣ್ಣ ಕಾಲುವೆ ಇರುತ್ತದೆ, ಉಗುರಿಗೆ ಸಿಗುತ್ತದೆ. ದಾರ ಪೋಣಿಸುವುದು ಕಾಲುವೆ ಇರುವ ಕಡೆಯಿಂದ. ಚಪ್ಪಟೆ ಅದರ ಎದುರು ಬದಿ. ಮುಂದಿನಿಂದ ಪೋಣಿಸುವ ಮಿಷನ್ ಆದರೆ ಚಪ್ಪಟೆ ಹಿಂದಕ್ಕೆ. ಪಕ್ಕದಿಂದ ಪೋಣಿಸುವ ಕಪ್ಪು ಮಿಷನ್ ಆದರೆ ಪಕ್ಕಕ್ಕೆ, ಕಾಲುವೆ ನೋಡಿ ಹಾಕಿದರೆ ಆಯಿತು. ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿ ಮಾಡಬೇಕು.

14 ಹಾಕಿದ ಮೇಲೆ ಮಿಷನ್‌ನ ಸದ್ದೇ ಬದಲಾಯಿತು. ಅಲ್ಲಿಯವರೆಗೆ ಡಬ್ ಡಬ್ ಅಂತ ಕುಟ್ಟುತ್ತಿದ್ದದ್ದು ಸರಸರ ಓಡಿತು. ಎರಡು ದಿನದಲ್ಲಿ ನಡುಭಾಗ ಮುಗಿಯಿತು. ಮೂಲೆಗೆ ಬಂದಾಗ ನನ್ನ ಅತಿಬುದ್ಧಿ ಎದ್ದಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಿದ್ದೀರಾ? ನಾಲ್ಕೂ ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ, ಪದರ ಪದರವಾಗಿ ಕೂರಿಸಿ, ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಅವರಿಗೆ ಮುಗಿದ ಕೌದಿಯೇ ಅಲ್ಲ. ಅವರು ಇಡೀ ಕೌದಿಯನ್ನು ಕೈಯಲ್ಲೇ ಹೊಲಿಯುತ್ತಾರೆ, ಅಂಚಿನಿಂದ ಶುರುಮಾಡಿ ಸುತ್ತು ಸುತ್ತುತ್ತಾ ಒಳಕ್ಕೆ. ಕೈಸೂಜಿಗೆ ದಪ್ಪ ಬಂದರೆ ಬೆರಳಿಗೆ ಗೊತ್ತಾಗುತ್ತದೆ, ಮೆಲ್ಲಗೆ ದಾಟಿಸುತ್ತದೆ. ಮಿಷನ್‌ಗೆ ಅದೆಲ್ಲಿ ಗೊತ್ತಾಗಬೇಕು? ನಾನು ಆ ಹೂವನ್ನು ಮಿಷನ್‌ನಲ್ಲೇ ಕೂರಿಸಲು ಹೋದೆ. ಮಡಿಕೆ ಮೇಲೆ ಮಡಿಕೆ ಸೇರಿ ಹತ್ತು ಪದರದ ಮೇಲಾಗಿತ್ತು. ಪೆಡಲ್ ತುಳಿದೆ. ಟಪ್ ಅಂತ ಸದ್ದು, ಸೂಜಿಯ ತುದಿ ಹಾರಿ ಕನ್ನಡಕಕ್ಕೆ ಬಡಿಯಿತು. ಕನ್ನಡಕ ಇಲ್ಲದಿದ್ದರೆ ಎಂತಾಗುತ್ತಿತ್ತೋ. ತುದಿಯ ತುಂಡು ಸಿಗುವವರೆಗೆ ಇಡೀ ಕೌದಿಯನ್ನು ಅಂಗೈಯಲ್ಲಿ ಸವರಿ ಹುಡುಕಿದೆ, ಹೊದ್ದುಕೊಳ್ಳುವ ವಸ್ತು ನೋಡಿ. ಕೊನೆಗೆ ಅದು ಶಟಲ್ ಪಕ್ಕದಲ್ಲಿ ಸಿಕ್ಕಿತು.

ಆಮೇಲೆ ಮೂಲೆಗಳಿಗೆ 16 ಹಾಕಿದೆ, ಅದೂ ಜೀನ್ಸ್ ಸೂಜಿ. ಜೀನ್ಸ್ ಸೂಜಿಯ ಒಡಲು ಗಟ್ಟಿ, ಸುಲಭಕ್ಕೆ ಬಾಗೋದಿಲ್ಲ. ಮೂಲೆ ಬಂದ ಕೂಡಲೇ ಪೆಡಲ್‌ನಿಂದ ಕಾಲು ತೆಗೆದು, ಚಕ್ರ ಕೈಯಲ್ಲಿ ತಿರುಗಿಸಿ ಒಂದೊಂದೇ ಟಾಕಿ ದಾಟಿಸಿದೆ. ಮೂರು ಮೂಲೆ ಹಾಗೆ ಮುಗಿಯಿತು. ನಾಲ್ಕನೆಯದನ್ನು ಸಾಕಾಗಿ ಕೈಯಲ್ಲೇ ಹೊಲಿದೆ. ನಿಜ ಹೇಳಬೇಕೆಂದರೆ ನಾಲ್ಕರಲ್ಲಿ ಅದೇ ಚಂದ ಇದೆ.

ಹಾಗಾದರೆ ಎಲ್ಲದಕ್ಕೂ 16 ಹಾಕಿಬಿಟ್ಟರೆ ಆಗೋದಿಲ್ವಾ? ಈ ಪ್ರಶ್ನೆ ನನ್ನ ಹತ್ತಿರ ಹೊಲಿಗೆ ಕಲಿಯಲು ಬರುವ ಹುಡುಗಿಯರೆಲ್ಲ ಕೇಳುತ್ತಾರೆ. ನಾನೂ ಹಾಗೆ ಮಾಡಿ ನೋಡಿದವಳೇ. ಅಂಗಡಿಯಿಂದ ಒಳಗೆ ತುಂಬುವ ಮೆತ್ತನೆ ಪಾಲಿಯೆಸ್ಟರ್ ಹತ್ತಿ ಹಾಳೆ ತಂದು, ಅದರ ಮೇಲೆ ಕಪ್ಪು ಬಟ್ಟೆ ಹಾಕಿ, ಮಗುವಿನ ಹೊದಿಕೆಯೊಂದನ್ನು 16ರಲ್ಲಿ ಹೊಲಿದೆ. ದಾರ ತೆಳು, ತೂತು ದೊಡ್ಡದು. ಕೆಳಗಿನ ದಾರ ಮೇಲೆ ಚುಕ್ಕಿ ಚುಕ್ಕಿಯಾಗಿ ಕಂಡಿತು. ಎರಡು ಸಲ ಒಗೆದ ಮೇಲೆ ಪ್ರತಿ ತೂತಿನಿಂದ ಬಿಳಿ ಎಳೆ ಹೊರಗೆ ಇಣುಕಲು ಶುರುವಾಯಿತು, ಕಪ್ಪು ಬಟ್ಟೆ ಮೇಲೆ ಬೂಸು ಹಿಡಿದ ಹಾಗೆ. ಆ ಹೊದಿಕೆಗೆ 11 ಅಥವಾ 14ರ ಕ್ವಿಲ್ಟಿಂಗ್ ಸೂಜಿ ಸರಿ ಇತ್ತು. ಅದರ ಮೊನೆ ಸಪೂರವಾಗಿ ಇಳಿಜಾರಾಗಿ ಬಂದಿರುತ್ತದೆ, ಪದರಗಳನ್ನು ಹಿಗ್ಗಿಸದೆ ಇಳಿಯುತ್ತದೆ. ಶ್ಮೆಟ್ಜ್‌ನದ್ದಾದರೆ ದಂಡಿನ ಮೇಲೆ ಹಸಿರು ಪಟ್ಟಿ, 75/11 ಮತ್ತು 90/14 ಎರಡು ಅಳತೆಯಲ್ಲಿ ಬರುತ್ತದೆ. ನಮ್ಮ ಪೇಟೆಯಲ್ಲಿ ನನಗೆ ಸಿಗಲಿಲ್ಲ, ಆನ್‌ಲೈನ್ ತರಿಸಿದೆ. ಅದಿಲ್ಲದೆ ಕೌದಿ ಆಗೋದೇ ಇಲ್ಲ ಅಂತೇನಿಲ್ಲ. ಹಳೆ ಹತ್ತಿ ಸೀರೆಗೆ ಮಾಮೂಲಿ 14 ಧಾರಾಳ ಸಾಕು. ಹತ್ತಿ ಹಾಳೆ ಹಾಕಿ ಹೊಲಿಯುವವರು ಮಾತ್ರ ತರಿಸಿಕೊಳ್ಳಿ.

ದಾರಕ್ಕೂ ಸೂಜಿಗೂ ಹೊಂದುತ್ತಾ ಅಂತ ನೋಡಲು ನಾನು ಮಾಡುವ ಪರೀಕ್ಷೆ ಸುಲಭ. ಸೂಜಿಯನ್ನು ಮಿಷನ್‌ಗೆ ಹಾಕುವ ಮೊದಲೇ ಗೇಣುದ್ದ ದಾರ ಪೋಣಿಸಿ, ಎರಡೂ ತುದಿ ಬಿಗಿಯಾಗಿ ಹಿಡಿದು ಓರೆ ಮಾಡುತ್ತೇನೆ. ಸೂಜಿ ತಾನಾಗಿ ಜಾರಿ ಇಳಿದರೆ ಸರಿ. ಸಿಕ್ಕಿಕೊಂಡರೆ ಕಣ್ಣು ಸಣ್ಣದು, ದಾರ ಕಡಿಯೋದು ಖಂಡಿತ. ಒಮ್ಮೆ ಅಲಂಕಾರಕ್ಕೆ ಅಂತ ದಪ್ಪ ಹತ್ತಿ ದಾರ ತಂದಿದ್ದೆ, 14ರಲ್ಲಿ ಜಾರಲೇ ಇಲ್ಲ. ಅದಕ್ಕೆ ಟಾಪ್‌ಸ್ಟಿಚ್ ಅನ್ನುವ ಸೂಜಿ ಬೇಕಾಯಿತು. ಅಳತೆ ಅದೇ ಆದರೂ ಕಣ್ಣು ದೊಡ್ಡದು.

ಉಳಿದ ಹೊಲಿಗೆಯ ಮಾತು ಬೇಗ ಹೇಳಿಬಿಡುತ್ತೇನೆ. ಹತ್ತಿ ಬ್ಲೌಸು, ಲೈನಿಂಗ್ ಹಾಕಿದ ಚೂಡಿದಾರ್, ಪಂಜಾಬಿ ಪ್ಯಾಂಟು ಎಲ್ಲಕ್ಕೂ 11 ಅಥವಾ 14. ರೇಷ್ಮೆ, ಜಾರ್ಜೆಟ್, ಶಿಫಾನ್‌ಗೆ 9 ಇಲ್ಲವೇ 11, ಅದೂ ಹೊಸದೇ ಆಗಬೇಕು. ಮದುವೆ ಸೀರೆಯ ಬ್ಲೌಸಿಗೆ ಹಳೆ ಸೂಜಿ ಹಾಕಿ ಎಳೆ ಎಳೆದುಕೊಂಡರೆ ಆ ಗೆರೆ ಹೋಗೋದಿಲ್ಲ, ಯಾರ ಮುಖವನ್ನೂ ನೋಡೋಕಾಗೋದಿಲ್ಲ. ಟೀಶರ್ಟ್, ಹೊಸೈರಿ ನೈಟಿ, ಲೆಗ್ಗಿಂಗ್‌ಗೆ ಬಾಲ್ ಪಾಯಿಂಟ್ ಸೂಜಿ ಬೇಕು. ಅದರ ಮೊನೆ ಸ್ವಲ್ಪ ಮೊಂಡು, ಎಳೆಯನ್ನು ಚುಚ್ಚದೆ ಬದಿಗೆ ಸರಿಸಿ ಇಳಿಯುತ್ತದೆ. ಚೂಪು ಸೂಜಿಯಲ್ಲಿ ಹೊಸೈರಿ ಹೊಲಿದರೆ ಒಗೆದಾಗ ಹೊಲಿಗೆ ಪಕ್ಕದಲ್ಲೇ ಸಣ್ಣ ತೂತು ಬೀಳುತ್ತದೆ. ಇಸ್ತ್ರಿಯಲ್ಲಿ ಅಂಟಿಸುವ ಕ್ಯಾನ್ವಾಸ್ ಹೊಲಿದ ಮೇಲೆ ಸೂಜಿಗೆ ಗೋಂದು ಹತ್ತಿರುತ್ತದೆ, ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿ.

ಯಾವಾಗ ಬದಲಿಸಬೇಕು? ಎಂಟು ಗಂಟೆ ಹೊಲಿದ ಮೇಲೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಗಡಿಯಾರ ನೋಡಿ ಹೊಲಿಯುವವರು ಯಾರು ಹೇಳಿ? ನಾನು ಪ್ರತಿ ದೊಡ್ಡ ಕೆಲಸಕ್ಕೆ ಹೊಸದು ಹಾಕುತ್ತೇನೆ, ನಡುವೆ ಡಬ್ ಡಬ್ ಸದ್ದು ಬಂದರೆ ಆಗಲೇ ತೆಗೆಯುತ್ತೇನೆ. ಅನುಮಾನ ಬಂದರೆ ಸೂಜಿಯ ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆಯಿರಿ. ಗೀರು ಬಿದ್ದರೆ ಮೊನೆ ಮುರುಟಿದೆ ಅಂತಲೇ. ಬಾಗಿದೆಯೋ ನೋಡಲು ಚಪ್ಪಟೆ ಭಾಗವನ್ನು ಗಾಜಿನ ಮೇಲೆ ಇಟ್ಟು ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಸೂಜಿಗೂ ಗಾಜಿಗೂ ನಡುವಿನ ಸಂದು ತುದಿಯವರೆಗೂ ಒಂದೇ ಸಮ ಇರಬೇಕು. ಹೊಸ ಪ್ಯಾಕೆಟ್‌ನಲ್ಲೂ ಒಮ್ಮೊಮ್ಮೆ ಬಾಗಿದ ಸೂಜಿ ಸಿಕ್ಕಿದೆ ನನಗೆ.

ನಮ್ಮ ಕಡೆ ಇನ್ನೊಂದು ಶತ್ರು ತುಕ್ಕು. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದಿಟ್ಟರೆ ತಿಂಗಳೊಳಗೆ ಸೂಜಿ ಮೇಲೆ ಕಂದು ಚುಕ್ಕಿ. ಕಾರವಾರದಲ್ಲಿರುವ ನನ್ನ ತಂಗಿಗೆ ಸಮುದ್ರದ ಉಪ್ಪುಗಾಳಿ ಬೇರೆ, ಬೇಸಿಗೆಯಲ್ಲೂ ಬಿಡೋದಿಲ್ಲ. ಚುಕ್ಕಿ ಬಿದ್ದ ಸೂಜಿಯನ್ನು ಉಜ್ಜಿ ಬಳಸಬೇಡಿ, ದಾರ ಹರಿಯುತ್ತದೆ, ಬಿಳಿ ಬಟ್ಟೆಗೆ ಕಲೆಯೂ ಕೂರುತ್ತದೆ. ನಾನು ಮಿಷನ್ ಎಣ್ಣೆ ಸವರಿದ ಬಟ್ಟೆ ತುಂಡಿಗೆ ಚುಚ್ಚಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಹೊಲಿಯುವ ಮೊದಲು ಒರೆಸಿ, ಚಿಂದಿ ಬಟ್ಟೆ ಮೇಲೆ ಎರಡು ಸಾಲು ಓಡಿಸಿದರೆ ಎಣ್ಣೆ ಹೋಗುತ್ತದೆ. ಮುರಿದದ್ದು, ಮೊಂಡಾದದ್ದು ಖಾಲಿ ಮಾತ್ರೆ ಡಬ್ಬಿಗೆ.

ಮಿಷನ್‌ನಲ್ಲಿ ಈಗ ಯಾವ ಸೂಜಿ ಇದೆ ಅನ್ನೋದು ಮರೆಯುತ್ತದೆ ಅಲ್ವಾ? ಅದಕ್ಕೆ ಬಟ್ಟೆಯ ಚೂರಿನ ಮೇಲೆ ಪೆನ್ನಿನಲ್ಲಿ ನಂಬರ್ ಬರೆದು ದಾರದ ಕಂಬಕ್ಕೆ ಸಿಕ್ಕಿಸಿಡುತ್ತೇನೆ. ಈಗ ಅಲ್ಲಿ 16 ಅಂತ ಇದೆ, ನಿನ್ನೆ ಪಕ್ಕದ ಮನೆ ಹುಡುಗನ ಜೀನ್ಸ್ ಗಿಡ್ಡ ಮಾಡಿದ್ದೆ. ನಾಳೆ ಬೆಳಿಗ್ಗೆ ಎರಡು ಜಾರ್ಜೆಟ್ ಬ್ಲೌಸ್ ಕೊಡಬೇಕು. ಎದ್ದು ಮೊದಲು ಅದನ್ನು ಬದಲಿಸಬೇಕು.