ಆರಾಧನೆಯ ದಿನ ಲೀಡರ್ ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು?

ಗಿಟಾರ್ ಸದ್ದು ಸರಿಯಿಲ್ಲ ಅಂತ ಅರ್ಧ ಗಂಟೆ ಗುಂಡಿ ತಿರುಗಿಸುತ್ತಾ ನಿಂತ ವರ್ಷಿಪ್ ಲೀಡರ್‌ಗಳನ್ನು, ಅಂದರೆ ಚರ್ಚಿನಲ್ಲಿ ಹಾಡು ನಡೆಸುವವರನ್ನು, ಎಷ್ಟೋ ಸಭೆಗಳಲ್ಲಿ ನೋಡಿದ್ದೇನೆ. ಅಷ್ಟರಲ್ಲಿ ಜನ ಬಂದು ಕೂತಿರುತ್ತಾರೆ. ಮೊದಲ ಹಾಡು ಶುರುವಾಗುತ್ತದೆ, ಎರಡನೇ ಚರಣ ಪರದೆ ಮೇಲೆ ಬರುವುದೇ ಇಲ್ಲ. ಸಭೆ ಬಾಯಿ ಮುಚ್ಚಿಕೊಂಡು ನಿಂತಿರುತ್ತದೆ. ಗಿಟಾರ್ ಮಾತ್ರ ಚೆನ್ನಾಗಿ ಕೇಳುತ್ತಿರುತ್ತದೆ.

ನನ್ನ ಲೆಕ್ಕ ಸರಳ. ಸಭೆ ಹಾಡುವುದಕ್ಕೆ ಅಡ್ಡಿಯಾಗುವುದು ಯಾವುದೋ ಅದು ಮೊದಲು. ನಿಮ್ಮ ಕಿವಿಗೆ ಮಾತ್ರ ಕಿರಿಕಿರಿ ಮಾಡುವುದು ಕೊನೆಗೆ. ಸಮಯ ಸಾಲದಿದ್ದರೆ ಆ ಕೊನೆಯದ್ದನ್ನು ಬಿಟ್ಟುಬಿಡಿ.

ಹಿಂದಿನ ದಿನವೇ ಪಾಸ್ಟರ್ ಹತ್ತಿರ ಕ್ರಮ ಕೇಳಿ ಬರೆದುಕೊಳ್ಳಿ: ಪ್ರಾರ್ಥನೆ, ಕಾಣಿಕೆ, ವಾಕ್ಯ, ಕರ್ತನ ಮೇಜು (ರೊಟ್ಟಿ, ದ್ರಾಕ್ಷಾರಸ ಹಂಚುವ ಹೊತ್ತು) ಯಾವಾಗ ಅಂತ. ಹೊಸ ಹಾಡು ಒಂದೇ ಇರಲಿ. ಅದನ್ನು ಮುಂದಿನ ವಾರವೂ ಹಾಡಿ. ಕರ್ತನ ಮೇಜಿನ ಹೊತ್ತಿಗೆ ಹೊಸ ಹಾಡು ಖಂಡಿತ ಬೇಡ. ಆಗ ಜನ ಪದ ಓದುತ್ತಾ ನಿಲ್ಲಬಾರದು.

ಹಾಡಿನ ಸ್ಕೇಲ್, ಅಂದರೆ ಯಾವ ಶ್ರುತಿಯಲ್ಲಿ ಹಾಡುವುದು ಅನ್ನುವುದು ಕೂಡ ಆಗಲೇ ತೀರ್ಮಾನವಾಗಬೇಕು. ರೆಕಾರ್ಡಿಂಗ್‌ನಲ್ಲಿರುವ ಸ್ಕೇಲ್ ಆ ಗಾಯಕರಿಗೆ ಹೊಂದುವಂಥದ್ದು, ಸಭೆಗಲ್ಲ. ಹಾಡಿನ ಅತಿ ಎತ್ತರದ ಸ್ವರ ಡಿ ಹತ್ತಿರ ಇದ್ದರೆ ಹೆಚ್ಚಿನವರು ಆರಾಮಾಗಿ ಹಾಡುತ್ತಾರೆ. ಅದರ ಮೇಲಿನ ಇ ಸ್ವರವನ್ನು ಒಮ್ಮೆ ಮುಟ್ಟಿ ಬಂದರೆ ಪರವಾಗಿಲ್ಲ, ಅಲ್ಲೇ ಎಳೆದು ನಿಲ್ಲಿಸಿದರೆ ಜನ ಬಿಟ್ಟುಬಿಡುತ್ತಾರೆ. ಜಿ ಸ್ಕೇಲ್‌ನ ಹಾಡು ಮೇಲಿನ ಜಿ ವರೆಗೂ ಹೋಗುತ್ತದೆ ಅಂದರೆ ಡಿ ಸ್ಕೇಲ್‌ಗೆ ಇಳಿಸಿ. ಸ್ಕೇಲನ್ನು ತಾನೇ ಏರಿಸಿ ಇಳಿಸುವ ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿ ಒತ್ತುವ ಅಡ್ಡದಾರಿ ಇದೆ, ತಪ್ಪೇನಿಲ್ಲ. ಆದರೆ ಮುಂದಿನ ಹಾಡಿಗೆ ಅದನ್ನು ಸೊನ್ನೆಗೆ ತರಲು ಮರೆತರೆ ಗಿಟಾರ್ ಒಂದು ಕಡೆ, ಕೀಬೋರ್ಡ್ ಇನ್ನೊಂದು ಕಡೆ. ಗುಂಡಿ ಬಳಸುವವರು ಹಾಡಿನ ಹಾಳೆಯಲ್ಲೇ ಆ ಸಂಖ್ಯೆ ಬರೆದಿಡಲಿ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ. ತಂಡದ ಜೊತೆ ಪ್ರಾರ್ಥನೆ ಮಾಡಿ. ಆಮೇಲೆ ವಾದ್ಯ ಮುಟ್ಟುವ ಮುಂಚೆ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಎಲ್ಲ ಸ್ಲೈಡ್‌ಗಳನ್ನೂ ನೀವೇ ನೋಡಿ. ಅಕ್ಷರ ಅಲ್ಲಿಂದ ಓದಲು ಬರಬೇಕು. ಪಲ್ಲವಿ ಎಲ್ಲೆಲ್ಲಿ ಮರಳಿ ಬರುತ್ತದೋ ಅಲ್ಲೆಲ್ಲ ಅದರ ಸ್ಲೈಡ್ ಮತ್ತೆ ಇರಬೇಕು.

ಇನ್ನು ಸೌಂಡ್ ಚೆಕ್. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಎಲ್ಲರೂ ಒಟ್ಟಿಗೆ ನುಡಿಸುವುದನ್ನು ನಿಲ್ಲಿಸಿ. ಒಬ್ಬರ ಸರದಿ ಬಂದಾಗ ಉಳಿದವರು ಕೈ ಕಟ್ಟಿಕೊಂಡಿರಬೇಕು. ಡ್ರಮ್ಸ್, ಬೇಸ್ ಗಿಟಾರ್, ಕೀಬೋರ್ಡ್, ಗಿಟಾರ್, ಆಮೇಲೆ ಮುಖ್ಯ ಧ್ವನಿ, ಕೊನೆಗೆ ಜೊತೆ ಹಾಡುವವರು. ಮೈಕ್ ಮುಂದೆ ‘ಹಲೋ, ಚೆಕ್’ ಅಂದರೆ ಪ್ರಯೋಜನವಿಲ್ಲ. ಅಂದಿನ ಹಾಡಿನಲ್ಲಿ ಅತಿ ಜೋರಾಗಿ ಹಾಡುವ ಸಾಲನ್ನೇ, ಅಷ್ಟೇ ಜೋರಾಗಿ ಹಾಡಿ. ಆಗ ಸೌಂಡ್ ಮಿಕ್ಸರ್‌ನಲ್ಲಿ ಕೆಂಪು ದೀಪ ಹತ್ತದಂತೆ ಮೊದಲು ಗೇನ್ (ಒಳಬರುವ ಸದ್ದಿನ ಮಟ್ಟ) ಕೂರಿಸಬೇಕು, ಆಮೇಲೆ ಫೇಡರ್ (ಹೊರಹೋಗುವ ಸದ್ದನ್ನು ಏರಿಳಿಸುವ ಜಾರುಗುಂಡಿ). ಗೇನ್ ತಪ್ಪಿದರೆ ಮುಂದೆ ಏನು ತಿದ್ದಿದರೂ ಸದ್ದು ಒಡೆಯುತ್ತದೆ ಅಥವಾ ಗೊರಗೊರ ಅನ್ನುತ್ತದೆ.

ಹಾಡುವವರಿಗೆ ತಮ್ಮ ಸದ್ದು ಕೇಳಿಸಲು ವೇದಿಕೆ ಮೇಲಿಡುವ ಮಾನಿಟರ್ ಸ್ಪೀಕರ್ ಮೈಕಿನ ಹಿಂಬದಿಗೆ ಮುಖ ಮಾಡಿರಲಿ. ವೇದಿಕೆಯಲ್ಲಿ ಬಳಸುವ ಸಾಮಾನ್ಯ ಮೈಕ್‌ಗಳು ಆ ಕಡೆಯ ಸದ್ದನ್ನು ಕಡಿಮೆ ಹಿಡಿಯುತ್ತವೆ. ಮೈಕಿನ ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿಯುವವರಿಗೆ ಬುಡ ಹಿಡಿಯಲು ಹೇಳಿ. ‘ಕುಯ್ಯ್’ ಅನ್ನುವ ಅರ್ಧ ತೊಂದರೆ ಅಲ್ಲಿಗೇ ನಿಲ್ಲುತ್ತದೆ. ಯಾರಾದರೂ ‘ನಂದು ಕೇಳಿಸ್ತಿಲ್ಲ, ಜಾಸ್ತಿ ಮಾಡಿ’ ಅಂದರೆ ಅವರದ್ದನ್ನು ಏರಿಸಬೇಡಿ. ಅವರ ಮಾನಿಟರ್‌ನಲ್ಲಿ ಬೇರೆಯವರದ್ದನ್ನು ಇಳಿಸಿ. ಒಬ್ಬರಾದ ಮೇಲೊಬ್ಬರು ಏರಿಸುತ್ತಾ ಹೋದರೆ ವೇದಿಕೆಯ ಗದ್ದಲವೇ ಸಭೆಯ ದನಿಯನ್ನು ನುಂಗಿಬಿಡುತ್ತದೆ. ಖಾಲಿ ಹಾಲ್ ಗುಂಯ್‌ಗುಡುತ್ತದೆ ಅಂತ ಗಾಬರಿಯೂ ಬೇಡ. ಜನ ತುಂಬಿದಾಗ ಮೈ, ಬಟ್ಟೆ ಎಲ್ಲ ಸದ್ದು ಹೀರಿಕೊಂಡು ಅದು ಸಾಕಷ್ಟು ತಗ್ಗುತ್ತದೆ.

ಅಗ್ಗದ ಕಾರ್ಡ್‌ಲೆಸ್ ಮೈಕ್ ಜೋಡಿಗಳನ್ನು ದಯವಿಟ್ಟು ತರಬೇಡಿ. ಪ್ರಾರ್ಥನೆಯ ನಡುವೆ ಸದ್ದು ಕಡಿದು ಕಡಿದು ಬರುತ್ತದೆ. ಅದೇ ದುಡ್ಡಿಗೆ ಒಂದು ಒಳ್ಳೆಯ ತಂತಿ ಮೈಕ್ ಬರುತ್ತದೆ.

ಉಳಿದ ಸಮಯದಲ್ಲಿ ಪೂರ್ತಿ ಹಾಡುಗಳನ್ನು ಅಭ್ಯಾಸ ಮಾಡಬೇಡಿ, ಅದು ವಾರದ ಮಧ್ಯೆ ಆಗಬೇಕಾದ ಕೆಲಸ. ಈಗ ಶುರು, ಮುಕ್ತಾಯ, ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವ ಜಾಗ, ಇವಿಷ್ಟೇ. ತಾಳ ಎಣಿಸಿ ಎತ್ತುವವರು ಯಾರು? ಕೊನೆಯ ಪಲ್ಲವಿ ಎಷ್ಟು ಸಲ? ಜಿ ಸ್ಕೇಲ್‌ನಿಂದ ಡಿ ಸ್ಕೇಲ್‌ಗೆ ಹೋಗುವುದಾದರೆ ಡಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎರಡಕ್ಕೂ ಸೇರಿದ್ದು. ಕೀಬೋರ್ಡ್ ನುಡಿಸುವವರು ಅದನ್ನು ಹಿಡಿದು ನಿಂತರೆ ನಡುವೆ ಖಾಲಿ ಬೀಳುವುದಿಲ್ಲ. ಹೊತ್ತು ಮೀರಿದರೆ ಯಾವ ಹಾಡು ಬಿಡಬೇಕು ಅಂತ ಈಗಲೇ ಹೇಳಿಬಿಡಿ. ಸ್ಲೈಡ್ ಹಾಕುವವರಿಗೂ ಅದು ಗೊತ್ತಿರಲಿ.

ಇಷ್ಟು ತಯಾರಿ ಯಾಕೆ, ದೇವರಾತ್ಮನು ನಡೆಸುತ್ತಾನಲ್ವಾ ಅಂತ ಕೆಲವರು ಕೇಳುತ್ತಾರೆ. ಬೈಬಲಿನ 1 ಪೂರ್ವಕಾಲವೃತ್ತಾಂತ 15:22 ಓದಿ. ದೇವರ ಸೇವೆಗೆ ನೇಮಕವಾದ ಲೇವಿಯರ ಕುಲದಲ್ಲಿ ಕೆನನ್ಯನಿಗೆ ಹಾಡಿನ ಹೊಣೆ ಬಂದದ್ದು ಅವನು ಅದರಲ್ಲಿ ಪಳಗಿದ್ದರಿಂದಲೇ.

ಆರಾಧನೆಗೆ 15 ನಿಮಿಷ ಇದೆ ಅನ್ನುವಾಗ ಎಲ್ಲವೂ ನಿಲ್ಲಬೇಕು. ಆಮೇಲೆ ಬರುವ ಕೇಬಲ್, ಕುರ್ಚಿ, ಫ್ಯಾನಿನ ದೂರುಗಳಿಗೆ ಒಬ್ಬರನ್ನು ಮೊದಲೇ ನೇಮಿಸಿ, ಅವರತ್ತ ಕೈ ತೋರಿಸಿ. ನೀವು ಕೆಳಗಿಳಿದು ಬಂದವರನ್ನು ಮಾತಾಡಿಸಿ. ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಸಾವು ಅನ್ನುವುದು ತಿಳಿದಿದ್ದರೆ ಹಾಡಿನ ನಡುವೆ ನೀವು ಆಡುವ ಒಂದು ಮಾತಿಗೂ ತೂಕ ಬರುತ್ತದೆ. ವೇದಿಕೆ ಹತ್ತಿದ ಕೂಡಲೇ ಇನ್ನೊಮ್ಮೆ ಶ್ರುತಿ ಮಾಡಿಕೊಳ್ಳಿ. ಹಾಲ್ ಬಿಸಿಯಾದಂತೆ ಗಿಟಾರ್ ತಂತಿ ಇಳಿಯುತ್ತದೆ.

ಹಾಡು ನಡೆಯುವಾಗ ಎರಡನೇ ಪಲ್ಲವಿಗೆ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ಕೇಳಿ. ಸಭೆಯ ದನಿ ಕೇಳಿಸಬೇಕು. ಕೇಳಿಸದಿದ್ದರೆ ವಾದ್ಯ ತಗ್ಗಿಸಲು ಸನ್ನೆ ಮಾಡಿ, ಆ ಪಲ್ಲವಿಯನ್ನೇ ಇನ್ನೊಮ್ಮೆ ಹಾಡಿಸಿ.

ಮುಗಿದ ಮೇಲೆ ತಂಡದವರ ತಪ್ಪನ್ನು ಅಲ್ಲೇ ಎತ್ತಬೇಡಿ, ಅದು ಅಭ್ಯಾಸದ ದಿನಕ್ಕಿರಲಿ. ತಪ್ಪಿದ್ದ ಸ್ಲೈಡನ್ನು ಮಾತ್ರ ಕಂಪ್ಯೂಟರ್ ಆರಿಸುವ ಮುಂಚೆ ತಿದ್ದಿ ಸೇವ್ ಮಾಡಿ.